ಮೆಣಸಿನ ಹೊಲಕ್ಕೆ ಬಂದ ಗಣಿತದ ಅಕ್ಕೋರು

ಅವರ ಚಪ್ಪಲಿ ಸಪ್ಪಳ ಮಾಡುತ್ತಿದ್ದವು. ಇದೊಂದು ಖಚಿತ. ಉಳಿದದ್ದನ್ನು ನಾನು ಕಂಡೆನೋ, ಸ್ಟಾಫ್ ರೂಮಿನಲ್ಲಿ ಕೇಳಿದೆನೋ, ಹೇಳುತ್ತ ಹೇಳುತ್ತ ಕಟ್ಟಿಕೊಂಡೆನೋ ಎಂದು ಪ್ರತಿ ಸಾಲಿಗೂ ಕೇಳಿಕೊಳ್ಳಬೇಕಾಗುತ್ತದೆ.

ಇತ್ತೀಚೆಗೆ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ವೇದಿಕೆಯ ಮೇಲಿಂದ ಒಬ್ಬರಾದ ಮೇಲೊಬ್ಬರು ಅವರನ್ನು ವರ್ಣಿಸಿದರು. ಕರುಣಾಮಯಿ ಎಂದರು, ಶಿಸ್ತಿನ ಸಿಪಾಯಿ ಎಂದರು, ನಕಲು ಎಂಬ ಪಿಡುಗನ್ನು ಬೇರುಸಹಿತ ಕಿತ್ತವರು ಎಂದರು. ಅಷ್ಟು ವರ್ಷ ಒಂದೇ ಶಾಲೆಯಲ್ಲಿ ಕೆಲಸ ಮಾಡಿದರೂ ಆ ವರ್ಣನೆಯ ಹೆಂಗಸನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ, ಹೆಸರು ಹಾಕಿದ ಕೂಡಲೇ ಫೋಟೋಕ್ಕೆ ಹಾರ ಹಾಕಿದ ಹಾಗಾಗುತ್ತದೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರು. ಅವರೂ ಅಕ್ಕೋರು. ಗಣಿತ ಹೇಳುತ್ತಿದ್ದರು. ನಾನು ಅದೇ ಶಾಲೆಯಲ್ಲಿ ಕನ್ನಡ. ಶಾಲೆ ಶಿಗ್ಗಾವಿ ತಾಲೂಕಿನಲ್ಲಿ, ದುಂಡಸಿ ಬಸ್ಸು ಹಾಯುವ ದಾರಿಯ ಮೇಲಿನ ಒಂದು ಊರಿನದು.

ಚಪ್ಪಲಿಯ ವಿಷಯ. ಪರೀಕ್ಷೆ ನಡೆಯುವಾಗ ನಾವೆಲ್ಲ ಸದ್ದಿಲ್ಲದೆ ನಡೆಯುವುದನ್ನು ರೂಢಿಸಿಕೊಂಡಿದ್ದೆವು. ಹೆಡ್‌ಮಾಸ್ತರರು ಅದಕ್ಕೆಂದೇ ರಬ್ಬರ್ ಅಟ್ಟೆಯ ಬೂಟು ಇಟ್ಟಿದ್ದರು. ಕಿಟಕಿಯ ಮರೆಯಲ್ಲಿ ನಿಂತು, ಬೆಕ್ಕಿನಂತೆ ಒಳಗೆ ಬಂದು, ಚೀಟಿ ಇದ್ದ ಮುಷ್ಟಿಯನ್ನೇ ಹಿಡಿಯುತ್ತಿದ್ದರು. ಅಕ್ಕೋರು ವರಾಂಡದ ಆ ತುದಿಯಲ್ಲಿ ಹೆಜ್ಜೆ ಇಟ್ಟರೆ ಈ ತುದಿಯ ಕೋಣೆಗೆ ಕಿರ್ ಕಿರ್ ಕೇಳುತ್ತಿತ್ತು. ಹೊಸ ಜೋಡಿ ಕೊಂಡರೆ ಅದೂ ಹಾಗೇ. ಶಿಗ್ಗಾವಿ ಪೇಟೆಯಲ್ಲಿ ಅಂಗಡಿಯೊಳಗೇ ನಡೆದು ನೋಡಿ, ಸಪ್ಪಳ ಬರುವುದನ್ನೇ ಆರಿಸುತ್ತಾರೆ ಎಂದು ಹಿಂದಿ ಮಾಸ್ತರರು ಹೇಳುತ್ತಿದ್ದರು. ಹಿಂದಿ ಮಾಸ್ತರರು ಹೇಳಿದ್ದರಲ್ಲಿ ಅರ್ಧ ಬಿಡಬೇಕು. ಆದರೆ ಹೆಡ್‌ಮಾಸ್ತರರು ಒಮ್ಮೆ ಚಹಾ ಕುಡಿಯುವಾಗ ಇದನ್ನೇ ಎತ್ತಿದರು:

“ಅಕ್ಕೋರ, ನಿಮ್ಮ ಚಪ್ಲಿ ಸಪ್ಪಳಕ್ಕ ಹುಡುಗ್ರು ಚೀಟಿ ನುಂಗಿ ನೀರ ಕುಡಿದು ಕುಂತಿರ್ತಾವು. ಸ್ವಲ್ಪ ಎಣ್ಣಿ ಹಚ್ರಿ ಅವಕ್ಕ.”

“ನೀವು ಹಿಡ್ಯಾಕ ಹೊಕ್ಕೀರಿ ಸರ್. ನಾ ತಡ್ಯಾಕ ಹೊಕ್ಕೇನಿ. ಗಸ್ತಿಯಂವ ಸೀಟಿ ಯಾಕ ಊದ್ತಾನ? ಕಳ್ಳ ಓಡ್ಲಿ ಅಂತ.”

“ಓಡಿಹೋದ್ರ ಮತ್ತ ಸಿಗೂದು ಯಾರ್ರಿ?”

“ಯಾರೂ ಸಿಗಬಾರ್ದ್ರಿ. ಸಿಕ್ರ ನಂದ ಸೋಲು.”

ಈಗ ಪಬ್ಲಿಕ್ ಪರೀಕ್ಷೆಯ ಕೋಣೆಗಳಲ್ಲಿ ಕ್ಯಾಮೆರಾ ಬಂದಿವೆ. ಮೊದಲ ಸಲ ಗೋಡೆಗೆ ಅದನ್ನು ಕೂರಿಸಿದ ದಿನ ಅಕ್ಕೋರು ಕತ್ತೆತ್ತಿ ಸ್ವಲ್ಪ ಹೊತ್ತು ನೋಡಿದರು. “ಇದಕ್ಕ ಚಪ್ಪಲಿ ಇಲ್ಲ ನೋಡ್ರಿ” ಅಂದರು, ಅಷ್ಟೇ.

ಕರುಣಾಮಯಿ ಎಂಬ ಮಾತು ನನಗೆ ಒಪ್ಪಿಗೆಯಾಗದ್ದಕ್ಕೆ ಕಾರಣಗಳಿವೆ. ಅವರ ನಾಲಿಗೆ ಮೊನಚು. ಸೀಮೆಸುಣ್ಣದ ತುಂಡನ್ನು ಯಾರಿಗೂ ಕೊಡುತ್ತಿರಲಿಲ್ಲ. ನನ್ನ ಕೆಂಪು ಪೆನ್ನು ಒಯ್ದರೆ ವಾಪಸು ಬಂದದ್ದಿಲ್ಲ. ಬುತ್ತಿ ಬಿಚ್ಚಿದಾಗ ಬೇರೆಯವರ ಶೇಂಗಾ ಚಟ್ನಿಗೆ ಕೈ ಮೊದಲು ಹೋಗುವುದು ಅವರದೇ. ದಡ್ಡ ಹುಡುಗರನ್ನು ಕಂಡು ಮರುಗಿದ್ದನ್ನು ನೋಡಿಲ್ಲ. ನಗಾಡಿದ್ದನ್ನು ನೋಡಿದ್ದೇನೆ.

ಒಂದು ವರ್ಷ ಕಿರುಪರೀಕ್ಷೆಗೆ ಪ್ರಶ್ನೆಪತ್ರಿಕೆಯನ್ನೇ ತರಲಿಲ್ಲ. ಹಿಂದಿನ ದಿನ ಎಲ್ಲರಿಗೂ ಅವರವರ ಹೊಲ, ಹಿತ್ತಲು, ಅಂಗಳ ಏನಿದೆಯೋ ಅದರ ಉದ್ದ ಅಗಲ ಅಳೆದು ತರಲು ಹೇಳಿದ್ದರು. ಮರುದಿನ ಅದರ ವಿಸ್ತೀರ್ಣ ಬಿಡಿಸುವುದೇ ಪರೀಕ್ಷೆ. ಯಾರ ಉತ್ತರವೂ ಮತ್ತೊಬ್ಬರಿಗೆ ಉಪಯೋಗವಿಲ್ಲ. ಆದರೂ ಒಬ್ಬ ಹುಡುಗ ರೂಢಿಯ ಬಲದಿಂದ ಪಕ್ಕದವನದನ್ನು ಅಕ್ಷರ ಬಿಡದೆ ಇಳಿಸಿದ್ದ. ಉತ್ತರಪತ್ರಿಕೆ ಹಂಚುವಾಗ ಅಕ್ಕೋರು ಅವನನ್ನು ಎಬ್ಬಿಸಿ ನಿಲ್ಲಿಸಿದರು. ಪಕ್ಕದ ತರಗತಿಯಲ್ಲಿದ್ದ ನನಗೆ ಕೇಳಿದ್ದು ಇಷ್ಟು:

“ಲೇ, ನಿಮ್ಮಪ್ಪ ಇವ್ರ ಹೊಲಾ ಯಾವಾಗ ಖರೇದಿ ಮಾಡಿದ?”

ಯಾರೋ ಕಿಸಕ್ಕೆಂದರು.

“ಊರಾಗ ಯಾರಿಗೂ ಹೇಳ್ಲೇ ಇಲ್ಲಲ್ಲೋ. ಒಂದ ಪೇಢೆ ಇಲ್ಲ, ಏನಿಲ್ಲ. ಖರೇದಿ ಪತ್ರ ಆಗೇತೋ, ಬರೇ ಬಾಯಿಮಾತೋ?”

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಆ ಹುಡುಗನಿಗೆ ಊರಲ್ಲಿ ಬಹಳ ದಿನ ‘ಖರೇದಿ’ ಎಂದೇ ಹೆಸರಿತ್ತು. ಇದರಲ್ಲಿ ಕರುಣೆ ಎಲ್ಲಿದೆ, ನನಗೆ ತಿಳಿಯದು.

ಇನ್ನೊಂದು ಸಂಗತಿಯನ್ನು ಇದರ ಪಕ್ಕ ಇಡಬೇಕು. ಇದೂ ನನ್ನ ಕಣ್ಣೆದುರಿನದಲ್ಲ. ಅವರು ಮೊದಲು ಯಲವಿಗಿ ಕಡೆ ಒಂದು ಶಾಲೆಯಲ್ಲಿದ್ದಾಗ ನಡೆದದ್ದು. ಹೊರಗಿನಿಂದ ಬಂದ ತಪಾಸಣೆಯವರು, ಹುಡುಗಿಯರು ಬಟ್ಟೆಯೊಳಗೆ ಚೀಟಿ ಇಟ್ಟಿರಬಹುದು, ನೀವು ಹೆಂಗಸರಿದ್ದೀರಿ, ಪಕ್ಕದ ಕೋಣೆಗೆ ಕರೆದೊಯ್ದು ನೋಡಿ ಎಂದರಂತೆ. “ನಾ ಗಣಿತ ಕಲ್ಸಾಕ ಬಂದೇನ್ರಿ, ಹುಡುಗ್ಯಾರ ಮೈ ತಡವಾಕಲ್ಲ” ಎಂದು ಇವರು ಬಾಗಿಲಿಗೆ ಅಡ್ಡ ನಿಂತರಂತೆ. ಅಡ್ಡ ನಿಂತದ್ದು ಕಥೆಗೆ ಆಮೇಲೆ ಸೇರಿದ್ದಿರಬಹುದು. ಮಾತು ಮಾತ್ರ ಅವರದೇ. ಬೇರೆ ಯಾರ ಬಾಯಲ್ಲೂ ಅದು ಹಾಗೆ ಬರುವುದಿಲ್ಲ.

ಇನ್ನು ರತ್ನಾ ಮತ್ತು ರೇಣುಕಾ ಎಂಬ ಇಬ್ಬರು ಹುಡುಗಿಯರ ವಿಷಯ. ವೇದಿಕೆಯ ಮೇಲೆ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಇದಕ್ಕೆ, ಹೇಳುವವರ ಬಾಯಲ್ಲಿ ಅತಿ ಹೆಚ್ಚು ಕೆಟ್ಟದ್ದೂ ಇದೇ.

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಮುಗಿದಿತ್ತು. ಸ್ಟಾಫ್ ರೂಮಿನಲ್ಲಿ ನಾವು ಪೇಪರ್ ತಿದ್ದುತ್ತಿದ್ದೆವು. ಅಕ್ಕೋರು ಎರಡು ಉತ್ತರಪತ್ರಿಕೆಗಳನ್ನು ನನ್ನ ಮುಂದೆ ಇಟ್ಟು, ಏನೂ ಹೇಳದೆ ಒಂದು ಜಾಗದ ಮೇಲೆ ಬೆರಳಿಟ್ಟರು. ರತ್ನಾ ಒಂದು ಲೆಕ್ಕವನ್ನು ಮೂರು ಸಾಲು ಬಿಡಿಸಿ, ತಪ್ಪಾಯಿತೆಂದು ಅಡ್ಡಗೆರೆ ಎಳೆದು, ಕೆಳಗೆ ಮತ್ತೆ ಸರಿಯಾಗಿ ಬಿಡಿಸಿದ್ದಳು. ರೇಣುಕಾ ಆ ಮೂರು ತಪ್ಪು ಸಾಲುಗಳನ್ನೂ ಬರೆದುಕೊಂಡು, ಅದೇ ಜಾಗದಲ್ಲಿ ಅಡ್ಡಗೆರೆ ಎಳೆದು, ಕೆಳಗೆ ಮತ್ತೆ ಸರಿಯಾಗಿ ಬಿಡಿಸಿದ್ದಳು. ಹೊಡೆದು ಹಾಕಿದ್ದೂ ನಕಲು. ನಾನು ನಕ್ಕೆ. ಅವರು ನಗಲಿಲ್ಲ.

ಇಬ್ಬರನ್ನೂ ಕರೆಸಿದರು. ಅಷ್ಟರಲ್ಲಿ ಹೆಡ್‌ಮಾಸ್ತರರೂ ಬಂದರು.

“ನಾನ ತೋರಿಸೇನ್ರಿ,” ಅಂದಳು ರತ್ನಾ, ಕೇಳುವ ಮೊದಲೇ.

“ಯಾಕ?” ಹೆಡ್‌ಮಾಸ್ತರರು ಕೇಳಿದರು.

“ಮುಯ್ಯಿ ರೀ.”

“ಲಗ್ನದಾಗ ಮಾಡ್ತಾರಲ್ಲ, ಆ ಮುಯ್ಯಿಯೇನ?”

“ಅಲ್ರಿ ಸರ್. ಮುಯ್ಯಾಳು.”

ಇವತ್ತು ನಿಮ್ಮ ಹೊಲಕ್ಕೆ ನಾವು ಆಳಾಗಿ ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ, ಕಾಗದ ಇಲ್ಲ. ಬಂದಷ್ಟು ಆಳು ಹೋಗಬೇಕು. ಹೋಗದಿದ್ದರೆ ಆ ಮನೆಯ ಮಾತಿಗೆ ಊರಲ್ಲಿ ಬೆಲೆ ಇಲ್ಲ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿರದೆ ಇದ್ದದ್ದು ಅದು ಪರೀಕ್ಷೆಯ ಕೋಣೆಯೊಳಗೆ ಬಂದ ಬಗೆ.

“ಹ್ವಾದ ವರ್ಷ ಅವ್ವಗ ಆಪರೇಶನ್ ಆತ್ರಿ,” ಅಂದಳು ರತ್ನಾ. “ಮೆಣಸಿನಕಾಯಿ ಗಿಡದಾಗ ಹಂಗ ಉಳಿದಿದ್ವು. ಇವ್ರ ಮನಿಯವ್ರು ಬಂದು ಬಿಡಿಸಿಕೊಟ್ರು. ಅವ್ವಗ ಇನ್ನೂ ಬಗ್ಗಾಕ ಬರೂದಿಲ್ರಿ. ಅಪ್ಪ ಒಬ್ಬಾವ ಎಲ್ಲೆಲ್ಲಿ ಹೋಗಬೇಕ್ರಿ? ಅದಕ್ಕ ಅಂದ, ಗಣಿತದಾಗ ಆಕಿಗೆ ತೋರ್ಸು, ಮುಯ್ಯಿ ತೀರ್ತೈತಿ ಅಂತ.”

“ನಿಮ್ಮನ್ಯಾಗ ಗೊತ್ತೈತೇನ?” ಎಂದು ಅಕ್ಕೋರು ರೇಣುಕಾಳನ್ನು ಕೇಳಿದರು.

“ನಮ್ಮವ್ವ ಒಪ್ಪ್ಯಾಳ್ರಿ. ಪಬ್ಲಿಕ್ ಪರೀಕ್ಷಾ ಮುಗಿಯೂ ತನಕ.”

ಪಬ್ಲಿಕ್ ಪರೀಕ್ಷೆಯಲ್ಲಿ ಹೆಸರಿನ ಅನುಕ್ರಮದಲ್ಲಿ ನಂಬರು ಬರುತ್ತದೆ. ರತ್ನಾಳ ಹಿಂದೆಯೇ ರೇಣುಕಾ. ಅಲ್ಲಿ ಸಿಕ್ಕರೆ ಇಬ್ಬರೂ ಡಿಬಾರ್. ರತ್ನಾ ಆ ವರ್ಷದ ತರಗತಿಯಲ್ಲಿ ಗಣಿತದಲ್ಲಿ ಮೊದಲಿಗಳು.

ಹೆಡ್‌ಮಾಸ್ತರರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು. ಇಬ್ಬರಿಗೂ ಸೊನ್ನೆ, ನಾಳೆ ಪ್ರಾರ್ಥನೆಯಲ್ಲಿ ಎಲ್ಲರೆದುರು ನಿಲ್ಲಿಸುವುದು, ಅಪ್ಪಂದಿರನ್ನು ಕರೆಸುವುದು ಎಂದರು. ರತ್ನಾ ಆಗ ಮಾತ್ರ ಅತ್ತಳು. “ಪ್ರಾರ್ಥನಾದಾಗ ನಿಲ್ಲಿಸ್ರಿ ಸರ್. ಅಪ್ಪನ್ನ ಕರೀಬ್ಯಾಡ್ರಿ. ಸಾಲಿಯವ್ರ ಕಡಿಂದ ಒಂದ ಮಾತ ಬಂದ್ರೂ ಸಾಲಿ ಬಿಡಸ್ತೇನಿ ಅಂದಾನ.”

“ಮುಂದ ತೋರಿಸೂದಿಲ್ಲ ಅಂತ ಹೇಳಂಗಾರ,” ಅಂದರು ಅಕ್ಕೋರು.

“ಅಪ್ಪನ ಮಾತ ಹೋಗ್ತೈತ್ರಿ.”

“ತೋರಿಸಿ ಸಿಕ್ಕೊಂಡ್ರ?”

ಅಕ್ಕೋರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೂತರು. ಪೆನ್ನು ನನ್ನದು.

“ಎಷ್ಟ ಆಳ ಬಾಕಿ ಐತಿ?”

“ಮೂರ್ರಿ.”

“ಸರ್, ಸ್ವಲ್ಪ ದಿವಸ ಇದನ್ನ ನನಗ ಬಿಡ್ರಿ,” ಎಂದರು ಹೆಡ್‌ಮಾಸ್ತರರಿಗೆ.

ವೇದಿಕೆಯ ಮೇಲೆ ಹೇಳಿದ ಕಥೆಯಲ್ಲಿ ಇಲ್ಲಿಂದ ಮುಂದೆ ಅಕ್ಕೋರು ಇಬ್ಬರು ಹುಡುಗಿಯರನ್ನು ತಬ್ಬಿಕೊಂಡು, ಪ್ರಾಮಾಣಿಕತೆಯ ಬಗ್ಗೆ ತಿಳಿಹೇಳಿ, ಸಂಜೆ ಹೊತ್ತು ತಮ್ಮ ಮನೆಯಲ್ಲೇ ಪಾಠ ಹೇಳಿ ಇಬ್ಬರನ್ನೂ ಪ್ರಥಮ ದರ್ಜೆಯಲ್ಲಿ ಪಾಸು ಮಾಡಿಸುತ್ತಾರೆ. ನಾನು ಕಂಡದ್ದು ಬೇರೆ. ಕಂಡದ್ದು ಎಂದು ಇಲ್ಲಿ ಧೈರ್ಯವಾಗಿ ಬರೆಯುತ್ತೇನೆ, ಏಕೆಂದರೆ ಮುಂದಿನ ಭಾನುವಾರ ಅವರನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ರೇಣುಕಾಳ ಮನೆಯವರ ಹೊಲಕ್ಕೆ ಬಿಟ್ಟವನು ನಾನೇ. ಏಕೆ ಹೋಗುತ್ತಿದ್ದಾರೆಂದು ನನಗೆ ಹೇಳಿರಲಿಲ್ಲ. ಮನೆಯವರ ಜೊತೆ ಮಾತಾಡಲು ಇರಬೇಕು ಎಂದುಕೊಂಡಿದ್ದೆ.

ಮೆಣಸಿನ ಗಿಡಗಳ ಸಾಲಿನಲ್ಲಿ ಕೆಂಪಾದ ಕಾಯಿ ಬಿಡಿಸುತ್ತಿದ್ದ ರೇಣುಕಾಳ ಅವ್ವ ನೆಟ್ಟಗೆ ನಿಂತಳು.

“ಯಾಕ್ರಿ ಅಕ್ಕೋರ, ಹೊಲಕ್ಕ ಬಂದ್ರಿ? ಹುಡುಗಿ ಏನರೆ ಮಾಡ್ಯಾಳೇನು?”

“ರತ್ನಾನ ಮನಿ ಕಡಿಂದ ಆಳ ಬಂದೇನಿ.”

“ಏನ್ ಚಾಷ್ಟಿ ಮಾಡ್ತೀರಿ!”

ಅಕ್ಕೋರು ಚಪ್ಪಲಿ ಬಿಚ್ಚಿ ಬದುವಿನ ಮೇಲೆ ಇಟ್ಟರು. ಸೀರೆಯ ಸೆರಗು ಸೊಂಟಕ್ಕೆ ಸುತ್ತಿ, ಅಲ್ಲೇ ಬಿದ್ದಿದ್ದ ಒಂದು ಚೀಲದ ಬಾಯಿ ಬಿಚ್ಚಿ ಪಕ್ಕದ ಸಾಲಿಗೆ ಇಳಿದರು.

“ಬ್ಯಾಡ್ರಿ ಅಕ್ಕೋರ. ಊರ ಮಂದಿ ಕಂಡ್ರ ನಮಗ ಏನಂತಾರ? ಸಾಲಿ ಅಕ್ಕೋರ ಕಡೆ ಕಾಯಿ ಬಿಡಿಸಿಕೊಂಡ್ರು ಅಂತಾರ.”

“ಪಗಾರ ತಗೊಳ್ಳವ್ರು ಮುಯ್ಯಾಳ ಬರಬಾರ್ದು ಅಂತ ಎಲ್ಲೆರೆ ಐತೇನವಾ? ರತ್ನಾನ ಅವ್ವಗ ಬಗ್ಗಾಕ ಬರೂದಿಲ್ಲ. ನನಗ ಬರ್ತೈತಿ. ಆಳಿಗೆ ಆಳು. ನೀ ಎಣಿಸ್ಕೋ.”

ರೇಣುಕಾಳ ಅವ್ವ ನನ್ನ ಕಡೆ ನೋಡಿದಳು, ಇದನ್ನು ನಿಲ್ಲಿಸಿರಿ ಎಂಬಂತೆ. ನಾನು ಬೇವಿನ ಗಿಡದ ಕೆಳಗೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಅಂದಳು: “ಕೈ ಓಡ್ತಾವಲ್ರಿ ನಿಮ್ಮವು!”

“ಹಿರೇಕೆರೂರ ಕಡ್ಯಾಕಿ ನಾನು. ಬೀಜದ ಹತ್ತಿ ಹೊಲದಾಗ ಹೂ ಬಿಡಿಸಿದ ಕೈ ಇವು. ಒಂದ ಹೂ ತಪ್ಪಿದ್ರ ನಮ್ಮವ್ವ ಬೆನ್ನ ಮ್ಯಾಲೆ ಕೊಡತಿದ್ಲು.”

ಮಧ್ಯಾಹ್ನ ಬುತ್ತಿ ಹೊತ್ತು ರೇಣುಕಾ ಬಂದಳು. ಅಕ್ಕೋರನ್ನು ಕಂಡು ದೂರದಲ್ಲೇ ನಿಂತಳು. ಅವ್ವ ಹೇಳಿದ್ದನ್ನು ಕೇಳಿಸಿಕೊಂಡಳು. ಅವಳಿಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಇದು ವೇದಿಕೆಯ ಮೇಲೆ ಯಾರೂ ಹೇಳದ ಭಾಗ.

“ನೀವ್ಯಾಕ ತೀರ್ಸಿದ್ರಿ? ಅದು ನಮ್ಮ ಅವ್ರ ನಡುವಿಂದು.”

“ತೀರತಲ್ಲ?” ಅಕ್ಕೋರು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಹಂಗಾರ ನನಗ ಗಣಿತ ಯಾರ ತೋರಸ್ತಾರ?”

“ಯಾರೂ ಇಲ್ಲ.”

“ಫೇಲ್ ಆಗ್ತೇನ್ರಿ.”

“ಆಗ್ತಿ.”

ಇಷ್ಟೇ. ನಾನು ಇನ್ನೊಂದು ವಾಕ್ಯಕ್ಕೆ ಕಾದೆ. ಹೆದರಬೇಡ, ನಾನಿದ್ದೇನೆ, ಅಂಥದ್ದೇನಾದರೂ. ಬರಲಿಲ್ಲ. ಕೆಲವು ಸಲ ಇದನ್ನು ಬೇರೆಯವರಿಗೆ ಹೇಳುವಾಗ ನಾನೇ ಆ ವಾಕ್ಯವನ್ನು ಸೇರಿಸಲು ಹೋಗಿ ತಡೆದುಕೊಂಡಿದ್ದೇನೆ. ರೇಣುಕಾ ಬುತ್ತಿಯನ್ನು ಬದುವಿನ ಮೇಲೆ, ಆ ಚಪ್ಪಲಿಗಳ ಪಕ್ಕ ಇಟ್ಟು ಹಿಂದಕ್ಕೆ ಹೋದಳು.

ನಮ್ಮ ಕಡೆಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ದಿನವಿಡೀ ಬಿಡಿಸಿದವರು ಹಾಗೆ ಅನ್ನುವುದಿಲ್ಲ. ಸೋಮವಾರ ಅಕ್ಕೋರು ಬೆರಳುಗಳನ್ನು ಅಗಲಿಸಿಕೊಂಡು ಬಂದರು, ಬೆವರು ಕಣ್ಣಿಗಿಳಿದರೂ ಮುಟ್ಟಲಿಲ್ಲ, ತೋಳಿನಿಂದ ಒರೆಸಿಕೊಂಡರು. ಇಬ್ಬರು ಹುಡುಗಿಯರಿಗೂ ಹೊಸ ಪ್ರಶ್ನೆಪತ್ರಿಕೆ ಕೊಟ್ಟು ವರಾಂಡದ ಎರಡು ತುದಿಗೆ ಕೂರಿಸಿ ಪರೀಕ್ಷೆ ಮತ್ತೆ ಬರೆಸಿದರು. ಸೊನ್ನೆ ಹಾಕಲು ಒಪ್ಪಲಿಲ್ಲ. “ಸೊನ್ನಿ ಹಾಕಿದ್ರ ರತ್ನಾಗ ಬರ್ತೈತಿ ಅನ್ನೂದು ಸುಳ್ಳಾಕ್ಕೈತಿ, ರೇಣುಕಾಗ ಬರೂದಿಲ್ಲ ಅನ್ನೂದು ಮುಚ್ಚಿ ಹೊಕ್ಕೈತಿ” ಎಂದರು. ರತ್ನಾ ಹೆಚ್ಚುಕಡಿಮೆ ಮೊದಲಿನಷ್ಟೇ ಅಂಕ ತೆಗೆದಳು. ರೇಣುಕಾಳದು ಹೇಳುವ ಹಾಗಿರಲಿಲ್ಲ.

ಉಳಿದ ಎರಡು ಆಳನ್ನು ಅವರು ಬಸ್ಸಿನಲ್ಲಿ ಹೋಗಿ ತೀರಿಸಿದರು. ಸುದ್ದಿ ಊರಲ್ಲಿ ಹಬ್ಬಿತು. ರತ್ನಾಳ ಅಪ್ಪನನ್ನು ಯಾರೂ ಕರೆಸದಿದ್ದರೂ ಒಂದು ದಿನ ಶಾಲೆಗೆ ಬಂದ. ಟವೆಲು ಕೈಯಲ್ಲಿ ಹಿಂಡುತ್ತ ಬಾಗಿಲಲ್ಲೇ ನಿಂತ.

“ನನ್ನ ಮರ್ಯಾದಿ ತಗದ್ರಿ ಅಕ್ಕೋರ. ಈಗ ನಿಮ್ಮ ಮುಯ್ಯಿ ನನ್ನ ಮ್ಯಾಲೆ ಬಂತು. ನಿಮಗೇನು ಹೊಲಾ ಐತೋ ಮನಿ ಐತೋ, ಎಲ್ಲಿ ಬಂದು ತೀರಸ್ಲಿ?”

“ಇಲ್ಲೇ ತೀರಸ್ರಿ. ನಿಮ್ಮ ಮಗಳು ತನ್ನ ಪೇಪರ ತಾನಷ್ಟ ಬರೀಬೇಕು. ಅದ ನನಗ ಮುಯ್ಯಿ. ಒಂದ ಅಕ್ಷರ ಯಾರಿಗರೆ ತೋರಿಸಿದ್ಲು ಅಂದ್ರ ನೀವು ನನಗ ಬಾಕಿ ಉಳಿತೀರಿ. ಶಿಗ್ಗಾವಿ ಸಂತ್ಯಾಗ ನಿಂತು ಹೇಳಾಕಿ ನಾನು.”

ಅವನು ತಲೆ ಬಗ್ಗಿಸಿ ಹೋದ. ಮಗಳು ಡಿಬಾರ್ ಆದಾಳೆಂದು ಹೆದರದ ಮನುಷ್ಯ ಇದಕ್ಕೆ ಹೆದರಿದ ಎಂದು ನನಗೆ ಅನ್ನಿಸಿತು. ಆ ವರ್ಷದಿಂದ ನಮ್ಮ ಶಾಲೆಯ ತರಗತಿ ಪರೀಕ್ಷೆಗಳಲ್ಲಿ ‘ಮುಯ್ಯಿ’ ನಿಂತಿತು ಎಂದು ವೇದಿಕೆಯಲ್ಲಿ ಹೇಳಿದರು. ನಿಂತಿತೋ, ನಮಗೆ ಕಾಣದ ಹಾಗೆ ಆಯಿತೋ. ನನಗೆ ಗೊತ್ತಿಲ್ಲ. ಅಕ್ಕೋರಿಗೂ ಗೊತ್ತಿರಲಿಕ್ಕಿಲ್ಲ.

ಪಬ್ಲಿಕ್ ಪರೀಕ್ಷೆಯಲ್ಲಿ ರತ್ನಾ ಪಾಸಾದಳು. ರೇಣುಕಾ ಗಣಿತದಲ್ಲಿ ಫೇಲಾದಳು.

ಫಲಿತಾಂಶ ಬಂದ ಮೇಲಿನ ಒಂದು ಸಂಜೆ ನಾನು ಹಾಜರಿ ತುಂಬುತ್ತ ಉಳಿದಿದ್ದೆ. ರೇಣುಕಾ ಶಾಲೆಯ ಮೆಟ್ಟಿಲ ಹತ್ತಿರ ಬಂದು ನಿಂತಳು. ಮನೆಗೆ ಹೊರಟಿದ್ದ ಅಕ್ಕೋರು ಕಿರ್ ಕಿರ್ ಎಂದು ಬಂದು ನಿಂತರು.

“ಯಾಕ ಬಂದಿ?”

“ಮತ್ತ ಬರೀತೇನ್ರಿ. ಗಣಿತ ಹೇಳ್ರಿ.”

“ಏನ್ ತಂದಿ?”

ಹುಡುಗಿ ಎರಡೂ ಕೈ ನೋಡಿಕೊಂಡಳು. “ಏನೂ ತಂದಿಲ್ರಿ.”

“ಚೊಲೊ ಆತು. ಕುಂದ್ರು.”

ಅವರು ಎಷ್ಟು ದಿನ ಕೂತರು, ಏನು ಹೇಳಿಕೊಟ್ಟರು, ನಾನು ನೋಡಲಿಲ್ಲ. ನನಗೆ ಬಸ್ಸಿತ್ತು.

ಮತ್ತೆ ಬೀಳ್ಕೊಡುಗೆಯ ದಿನ. ಅಕ್ಕೋರು ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವೆ ಕುರ್ಚಿಯಲ್ಲಿ ಇಕ್ಕಟ್ಟಾಗಿ ಕೂತಿದ್ದರು. ಈಗಿನ ಹೆಡ್‌ಮಾಸ್ತರರು ಮೈಕಿನಲ್ಲಿ ಆ ಕಥೆಯನ್ನು ಮುಗಿಸುತ್ತಿದ್ದರು. ರತ್ನಾ ಬಂದಿರಲಿಲ್ಲ, ಹಾನಗಲ್ಲಿನಲ್ಲಿ ನರ್ಸ್ ಆಗಿದ್ದಾಳೆ ಎಂದು ಒಬ್ಬರು ಅಂದರು, ಇಲ್ಲ ಎಂದು ಇನ್ನೊಬ್ಬರು ಅಂದರು. ರೇಣುಕಾ ಬಂದಿದ್ದಳು. ಹುಲಗೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳಂತೆ. ಹೆಂಗಸರ ಸಾಲಿನ ಕೊನೆಗೆ, ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡು ಕೂತಿದ್ದಳು.

“ಹೀಗೆ ಆ ಇಬ್ಬರೂ ವಿದ್ಯಾ‍ರ್ಥಿನಿಯರು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ…”

“ನಾ ಫೇಲಾಗಿದ್ದೆ ರೀ!”

ಸಭೆ ಹಿಂದಕ್ಕೆ ತಿರುಗಿತು. ಕೆಲವರು ನಕ್ಕರು. ಹೆಡ್‌ಮಾಸ್ತರರು ಮೈಕಿನಲ್ಲೇ ಸಂಭಾಳಿಸಲು ನೋಡಿದರು: “ಅಂದ್ರ, ನಂತರ ಪೂರಕ ಪರೀಕ್ಷೆಯಲ್ಲಿ ಪಾಸಾದಳು…”

“ಇಲ್ರಿ. ಆಗನೂ ಫೇಲ. ಅದರ ಮುಂದಿನ ಸಲ ಪಾಸಾದೆ.”

ಹೆಡ್‌ಮಾಸ್ತರರು ಹಾಳೆಯಲ್ಲಿ ಮುಂದಿನ ಸಾಲು ಹುಡುಕುತ್ತಿದ್ದರು. ಅಷ್ಟು ಹೊತ್ತು ಅಲುಗಾಡದೆ ಕೂತಿದ್ದ ಅಕ್ಕೋರು ಹಾರ ತೆಗೆದು ಮೇಜಿನ ಮೇಲೆ ಇಟ್ಟರು. ಮೈಕಿನ ಹತ್ತಿರ ಬರಲಿಲ್ಲ. ಕೂತಲ್ಲಿಂದಲೇ, ತರಗತಿಯಲ್ಲಿ ಕೊನೆಯ ಬೆಂಚಿಗೂ ಮುಟ್ಟುವಂತೆ ಪ್ರಶ್ನೆ ಹಾಕುತ್ತಿದ್ದ ದನಿಯಲ್ಲಿ ಕೇಳಿದರು:

“ಮೊದಲನೇ ಸಲ ಎಷ್ಟ ಬಂದಿದ್ವು?”

ರೇಣುಕಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು. “ಹದಿನೇಳ್ರಿ.”

“ಯಾರ್ವು?”

“ಹದಿನೇಳೂ ನನ್ನವ್ರಿ.”

“ಹೂಂ,” ಅಂದರು ಅಕ್ಕೋರು. “ಕುಂದ್ರು.”